ಪರಮಪದದ ಪಟ ಹಾಸಿದ ಭಾನುವಾರ

ಲೋಧಿ ಕಾಲೋನಿಯ ಕನ್ನಡ ಸಂಘದ ಕೋಣೆಯಲ್ಲಿ ವಾಸಂತಿ ಟೀಚರ್ ತಮ್ಮ ಅಜ್ಜಿಯ ಕಾಲದ ಪರಮಪದದ ಪಟವನ್ನು ಹಾಸಿದಾಗ, ಅವರ ಭಾನುವಾರದ ಕನ್ನಡ ತರಗತಿಯ ಆಯುಸ್ಸು ಆ ಮಧ್ಯಾಹ್ನದವರೆಗೆ ಮಾತ್ರ ಇತ್ತು. ಸಂಘದ ಕಾರ್ಯದರ್ಶಿ ಇಂದುಶೇಖರ ಹಿಂದಿನ ವಾರವೇ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು.

"ಮೇಡಂ, ಇಷ್ಟು ದಿನ ಕ್ಲಾಸ್ ನಡೆಸಿದೀರಿ, ಒಂದು ಮಗುವಿನ ಬಾಯಲ್ಲೂ ಕನ್ನಡ ಬರ್ತಿಲ್ಲ. ಬರೋ ಭಾನುವಾರ ನಾನೇ ಬಂದು ಕೇಳ್ತೀನಿ. ಆಗ್ಲೂ ಹೀಗೇ ಇದ್ರೆ ರೂಮು ಯೋಗದವರಿಗೆ ಕೊಟ್ಟುಬಿಡೋಣ."

ಅವರು ಹೇಳಿದ್ದು ಸುಳ್ಳೇನಲ್ಲ. ಅನನ್ಯಾ, ರಾಹುಲ್, ಅಮೂಲ್ಯ ಮೂವರಿಗೂ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ. ವಾಸಂತಿ ಹಾಡು ಹೇಳಿಕೊಟ್ಟರು, ಕಥೆ ಹೇಳಿದರು, ಕೋಡುಬಳೆಯ ಆಸೆಯನ್ನೂ ತೋರಿಸಿದರು. ಮಕ್ಕಳು ಕೋಡುಬಳೆ ಕಟುಮ್ಮೆಂದು ಕಡಿದು "ಥ್ಯಾಂಕ್ಯೂ ಆಂಟಿ" ಎಂದು ಕೈ ಒರೆಸಿಕೊಂಡರು. ಪಾಠ ಹೇಳುವವರಿಗೆ ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಬೇರೆ ಯಾವುದಿದೆ?

ರಾಹುಲ್ ಪಟದ ಮೇಲೆ ಬಗ್ಗಿದ. "ಟೀಚರ್, ಯೇ ತೋ ಸ್ನೇಕ್ಸ್ ಅಂಡ್ ಲ್ಯಾಡರ್ಸ್ ಹೈ!"

"ಅದರ ಮುತ್ತಜ್ಜಿ ಕಣೋ ಇದು," ಎಂದರು ವಾಸಂತಿ. "ನಮ್ಮಲ್ಲೇ ಹುಟ್ಟಿದ್ದು. ದೊರೆಗಳ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯ್ತು. ನಿಮ್ಮನೇಲಿರೋ ಪ್ಲಾಸ್ಟಿಕ್ಕಿಂದು ಅಲ್ಲಿಂದ ಬಣ್ಣ ಬಳ್ಕೊಂಡು ವಾಪಸ್ ಬಂದಿದ್ದು."

ವೈಕುಂಠ ಏಕಾದಶಿಯ ಉಪವಾಸದ ದಿನ ಹೊಟ್ಟೆಯ ನೆನಪು ಮರೆಸಲು ಅಜ್ಜಿ ಈ ಪಟ ಹಾಸುತ್ತಿದ್ದರು. ಒಂದೊಂದು ಏಣಿಯ ಬುಡದಲ್ಲಿ ಒಂದು ಗುಣ: ದಯೆ, ದಾನ, ಸತ್ಯ. ಒಂದೊಂದು ಹಾವಿನ ಹೆಡೆಯ ಮೇಲೆ ಒಂದು ದುರ್ಗುಣ. ತುದಿಯಲ್ಲಿ ವೈಕುಂಠ, ಅದರ ಬಾಗಿಲಲ್ಲೇ ಅಹಂಕಾರವೆಂಬ ದೊಡ್ಡ ಹಾವು. ಇಂಗ್ಲೆಂಡಿನವರು ಕಾಲಕ್ರಮದಲ್ಲಿ ಹಾವು ಏಣಿಗಳನ್ನು ಸರಿಸಮ ಮಾಡಿದರಂತೆ. ಹಳೆಯ ಪಟದಲ್ಲಿ ಅಂಥ ಮುಲಾಜಿಲ್ಲ, ಏಣಿಗಿಂತ ಹಾವೇ ಹೆಚ್ಚು. ಬದುಕನ್ನು ಇಷ್ಟು ನೇರವಾಗಿ ನೋಡಿ, ಅದನ್ನೇ ಮಕ್ಕಳ ಕೈಗೆ ಆಟವಾಗಿ ಕೊಟ್ಟವರ ಬುದ್ಧಿಗೆ ಕೈ ಮುಗಿಯಬೇಕು ಎಂದು ವಾಸಂತಿಗೆ ಪ್ರತಿ ಸಲವೂ ಅನಿಸುತ್ತಿತ್ತು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಟೀಚರ್ ಟೀಚರೇ. "ಹಿಂದೀಲೋ ಇಂಗ್ಲಿಷಲ್ಲೋ ಮಾತಾಡಿದವರಿಗೆ ಒಂದು ಗರ ಇಲ್ಲ, ಆ ಸಲ ದಾಳ ಮುಟ್ಟೋ ಹಾಗಿಲ್ಲ!" ಎಂದು ನಿಯಮ ಮಾಡಿಬಿಟ್ಟರು.

ಮಕ್ಕಳು ಜಾಣರು. ಬಾಯಿ ಬಿಟ್ಟರೆ ತಾನೇ ಗರ ಹೋಗುವುದು? ಮೂವರೂ ತುಟಿ ಹೊಲಿದುಕೊಂಡವರಂತೆ ಕೂತು ಹಿತ್ತಾಳೆಯ ದಾಳ ಉರುಳಿಸತೊಡಗಿದರು. ಹುಣಸೆಬೀಜದ ಕಾಯಿಗಳು ಮುಂದೆ ಸರಿದವು, ಹಾವು ನುಂಗಿತು, ಏಣಿ ಎತ್ತಿತು. ಮಾತೆಂಬುದೇ ಇಲ್ಲ. ಕೋಣೆ ಸಂತಾಪ ಸಭೆಯಂತಾಯಿತು. ಇಂದುಶೇಖರ ಬರುವ ಹೊತ್ತಾಗುತ್ತಿತ್ತು. ನನ್ನ ಕೈಯಾರೆ ನನ್ನ ಕ್ಲಾಸಿನ ಕತ್ತು ಹಿಸುಕಿದೆನಲ್ಲ ಎಂದು ವಾಸಂತಿಗೆ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಅನನ್ಯಾಳ ಕಾಯಿ ವೈಕುಂಠದ ಹತ್ತಿರ ಬಂದಿತ್ತು. ಅವಳು ದಾಳ ಹಾಕಿದಳು. ರಾಹುಲ್ ತಾನೇ ಅವಳ ಕಾಯಿ ಎತ್ತಿ, ಮನೆ ಎಣಿಸಿ, ಅಹಂಕಾರದ ಬಾಯಿಗಿಟ್ಟು, ಬಾಲದವರೆಗೆ ಜಾರಿಸಿ ಹಲ್ಲು ಕಿರಿದ. ಅನನ್ಯಾಳ ಮುಖ ಕೆಂಪಾಯಿತು.

"ಏನೋ ಅಂದ್ಕೊಂಡಿದೀಯ ನೀನು? ಕಣ್ಣು ಎಲ್ಲಿಟ್ಟಿದ್ದೆ? ಒಂದು ಕೆಲಸ ನೆಟ್ಟಗೆ ಮಾಡಕ್ಕೆ ಬರಲ್ವಾ? ಇಟ್ಟಿದ್ದ ಜಾಗದಿಂದ ಎಣಿಸೋ!"

ರಾಹುಲ್ ಕಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ಅವನ ಮನೆಯ ಮಾತು ಅವನ ಬಾಯಿಗೂ ಬಂತು. "ಸುಮ್ನೆ ಕಿರುಚಬೇಡ! ನಾನು ಸರಿಯಾಗೇ ಎಣಿಸಿದೀನಿ!"

"ಇಬ್ರೂ ಬಾಯ್ಮುಚ್ಚಿ, ಅಕ್ಕಪಕ್ಕದವರು ಕೇಳ್ತಾರೆ!" ಎಂದಳು ಅಮೂಲ್ಯ, ಥೇಟ್ ಅವಳ ಅಜ್ಜಿ ವಿಜಯಮ್ಮನ ರಾಗದಲ್ಲಿ.

ಹಾಡಿಗೆ ಬರದ ಕನ್ನಡ, ಕೋಡುಬಳೆಗೆ ಬರದ ಕನ್ನಡ, ಜಗಳಕ್ಕೆ ಧಾರಾಳವಾಗಿ ಬಂದಿತ್ತು. ಮನೆಯಲ್ಲಿ ಈ ಮಕ್ಕಳ ಕಿವಿಗೆ ಬೀಳುತ್ತಿದ್ದದ್ದೇ ಬೈಗುಳದ ಕನ್ನಡ. ಅದನ್ನು ಆಡಲು ಅವರಿಗೆ ಒಂದು ಜಾಗ ಬೇಕಿತ್ತು. ಆ ಹಳೆಯ ಬಟ್ಟೆಯ ಪಟ ಜಾಗ ಮಾಡಿಕೊಟ್ಟಿತು. ಪಟದ ಮೂಲೆಯ ಹೊಲಿಗೆಯ ಮೇಲೆ ವಾಸಂತಿ ಕೈಯಾಡಿಸಿದರು. ಇದೇ ಅಹಂಕಾರದ ಹಾವಿಗಾಗಿ ಚಿಕ್ಕಂದಿನಲ್ಲಿ ಅವರೂ ಅವರ ತಮ್ಮನೂ ಎಳೆದಾಡಿ ಹರಿದದ್ದು ಅದು. ಅಜ್ಜಿ ಬೈಯುತ್ತಲೇ ಹೊಲಿದಿದ್ದರು.

ಬಾಗಿಲ ಹೊರಗೆ ಇಂದುಶೇಖರ ನಿಂತಿದ್ದರು. ಪಕ್ಕದಲ್ಲಿ ಮಗಳನ್ನು ಕರೆದೊಯ್ಯಲು ಬಂದಿದ್ದ ಹರಿಣಿ.

"ಹರಿಣಿಯವರೇ, ನೀವು ಇಲ್ಲಿದೀರಿ. ಒಳಗೆ ನಿಮ್ಮ ದನಿ ಹೇಗೆ ಕೇಳಿಸ್ತಿದೆ?"

"ಅಯ್ಯೋ, ಅದು ನಮ್ಮ ಅನನ್ಯಾ," ಎಂದು ಹರಿಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಾನು ಅವಳಪ್ಪನಿಗೆ ಹೇಳೋದನ್ನೆಲ್ಲ ಕಲ್ತುಬಿಟ್ಟಿದಾಳೆ."

ಇಂದುಶೇಖರ ಶೂ ಬಿಚ್ಚಿ ಒಳಗೆ ಬಂದು ಪಟವನ್ನು ಬಹಳ ಹೊತ್ತು ನೋಡಿದರು. ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕೂತರು.

"ಅಚ್ಛಾ, ಚಲೋ, ನನಗೂ ಒಂದು ಕಾಯಿ ಕೊಡಿ."

"ಅಂಕಲ್ ಹಿಂದಿ ಮಾತಾಡಿದ್ರು!" ಮೂವರೂ ಒಟ್ಟಿಗೆ ಕೂಗಿದರು. "ಅಂಕಲ್‌ಗೆ ಗರ ಇಲ್ಲ!"

ಕಾರ್ಯದರ್ಶಿ ವಾಸಂತಿಯ ಕಡೆ ನೋಡಿದರು. ವಾಸಂತಿ ನಿಯಮ ಸಡಿಲಿಸಲಿಲ್ಲ. ಇಂದುಶೇಖರ ಕೈ ಕಟ್ಟಿಕೊಂಡು ಕಾದರು. ಅವರ ಸರದಿ ಬರುವಷ್ಟರಲ್ಲಿ ಅಮೂಲ್ಯ ವೈಕುಂಠ ಸೇರಿಬಿಟ್ಟಳು, ಆಟ ಮುಗಿಯಿತು.

ಅವರು ಎದ್ದು ಶೂ ಹಾಕಿಕೊಂಡರು. ಬಾಗಿಲಲ್ಲಿ ತಿರುಗಿ, ಒಂದೊಂದು ಮಾತನ್ನೂ ಜೋಪಾನವಾಗಿ ಕನ್ನಡದಲ್ಲೇ ಹೇಳಿದರು:

"ಟೀಚರ್, ಮುಂದಿನ ಭಾನುವಾರ ನಾನು ಬರೋವರೆಗೂ ಆಟ ಶುರು ಮಾಡಬೇಡಿ. ನನ್ನ ಗರ ಬಾಕಿ ಇದೆ."