ಹಣೆಯ ಮೇಲಿನ ಬಿಳಿ

ಯಜಮಾನ ಮರಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಅದರ ಹಣೆಯ ಮೇಲೆ ಫೂ ಎಂದು ಊದಿದ. ಕಪ್ಪು ತುಪ್ಪಳ ಸುಳಿಯಂತೆ ಬಿಚ್ಚಿಕೊಂಡಿತು. ಅದರ ಬುಡದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿತು.

"ನೋಡಿದ್ರಾ? ಮೇಲಿಂದ ನೋಡಿದ್ರೆ ಏನೂ ಇಲ್ಲ. ಬುಡದಲ್ಲಿ ಹೇಗೆ ಅಡಗಿ ಕೂತಿದೆ, ಕಳ್ಳ!"

ಮೊಲ ಕೊಳ್ಳಲು ಬಂದಿದ್ದ ಔಷಧದಂಗಡಿಯವನು ಕತ್ತು ಚಾಚಿ ನೋಡಿದ. "ಇಷ್ಟಕ್ಕೇ ಬೇಡ ಅಂತೀರಾ? ನನ್ನ ಮಗಳಿಗೆ ಆಡೋಕೆ ತಾನೇ ಸ್ವಾಮಿ, ನಂಗೇ ಕೊಟ್ಬಿಡಿ."

"ನನ್ನ ಮನೆಯಿಂದ ಇಂಥದ್ದು ಆಚೆ ಹೋಗಲ್ಲ. ನಾಳೆ ಯಾರಾದ್ರೂ ಇದು ಎಲ್ಲಿಂದು ಅಂತ ಕೇಳಿದ್ರೆ ನನ್ನ ಹೆಸರು ಬರುತ್ತೆ."

ಅಷ್ಟು ಹೇಳಿ ಮರಿಯನ್ನು ಹಿಂದೆ ನಿಂತಿದ್ದ ಹೆಂಡತಿಯ ಕೈಗೆ ದಾಟಿಸಿದ. ಮನೆಗೆ ಸೊಸೆ ಬಂದ ಮೇಲೆ ಅವಳು ಎಲ್ಲರ ಬಾಯಲ್ಲೂ ಅತ್ತೆಯೇ ಆಗಿಬಿಟ್ಟಿದ್ದಳು. ಗಿರಾಕಿಗಳೂ ಹಾಗೇ ಕರೆಯುತ್ತಿದ್ದರು. ಏನು ಮಾಡಬೇಕೆಂದು ಅತ್ತೆಗೆ ಹೇಳಬೇಕಾಗಿರಲಿಲ್ಲ. ಗೂಡುಗಳ ಸಾಲಿನ ಕೊನೆಯಲ್ಲಿ ನೀರು ತುಂಬಿದ ಬಕೆಟ್ಟು, ಅದಕ್ಕೊಂದು ಮುಚ್ಚಳ, ಮುಚ್ಚಳದ ಮೇಲಿಡಲು ಒಂದು ಕಲ್ಲು. ಆರಿಸುವ ಕೆಲಸ ಯಜಮಾನನದು, ಮುಚ್ಚುವ ಕೆಲಸ ಅವಳದು. ಮರಿಗೆ ಚಳಿಯಾಗಬಾರದೆಂದು ಆ ನೀರಿಗೆ ಅವಳು ಬೆಳಿಗ್ಗೆಯೇ ಒಂದು ಚೊಂಬು ಬಿಸಿನೀರು ಬೆರೆಸಿಡುತ್ತಿದ್ದಳು. ಅದು ಯಜಮಾನನಿಗೆ ತಿಳಿಯದು.

ಅವಳು ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದಾಗ ಗಿರಾಕಿ ಕೇಳಿದ, "ಅಲ್ಲ ಸ್ವಾಮಿ, ಇದರ ಅಪ್ಪ ಅಮ್ಮ ಎರಡೂ ಇದ್ದಿಲಿನ ಹಾಗಿವೆ. ಮತ್ತೆ ಈ ಬಿಳಿ ಎಲ್ಲಿಂದ ಬಂತು?"

ಈ ಪ್ರಶ್ನೆ ಯಜಮಾನನಿಗೆ ಬಲು ಇಷ್ಟ. ಗೂಡಿಗೆ ಒರಗಿ ಕಾಲ ಮೇಲೆ ಕಾಲು ಹಾಕಿ ನಿಂತ. "ಬಣ್ಣ ಅನ್ನೋದು ಎರಡು ಪಾಲು. ಒಂದು ಪಾಲು ಅಪ್ಪಂದು, ಒಂದು ಅಮ್ಮಂದು. ಈ ಬಿಳಿ ಇದೆಯಲ್ಲ, ಇದರ ಎರಡು ಪಾಲೂ ಸೇರಿದ್ರೆ ಮೈಯೆಲ್ಲ ಬಿಳಿ, ಕಣ್ಣು ನೀಲಿ. ಒಂದೇ ಪಾಲಾದ್ರೆ ಹಣೆ ಮೇಲೊಂದು ಚುಕ್ಕೆ, ಕಣ್ಣಲ್ಲೊಂದು ನೀಲಿ ಚೂರು. ಒಂದೊಂದ್ಸಲ ಅದೂ ಇಲ್ಲ. ಒಳಗೇ ಇಟ್ಟುಕೊಂಡು ಸಾಯೋವರೆಗೂ ಕಪ್ಪಗೇ ಓಡಾಡ್ಕೊಂಡಿರುತ್ತೆ. ಮರಿ ಹುಟ್ಟಿದಾಗಲೇ ಗುಟ್ಟು ಬಯಲು."

"ಹಂಗಾದ್ರೆ ತಪ್ಪು ಯಾರದು ಅಂತ ಹೇಗೆ ಹೇಳ್ತೀರಿ? ಅಪ್ಪಂದೋ, ಅಮ್ಮಂದೋ?"

"ಹೊರಗಿಂದ ಬಂದದ್ದನ್ನ ಮೊದಲು ತೆಗೀಬೇಕು. ಗಂಡು ನನ್ನದೇ, ಇಲ್ಲೇ ಹುಟ್ಟಿದ್ದು. ಅದರ ಅಜ್ಜನ ಅಜ್ಜನೂ ನನಗೆ ಗೊತ್ತು." ಪಕ್ಕದ ಗೂಡಿನಲ್ಲಿ ಕೊಬ್ಬಿ ಕೂತಿದ್ದ ಕರಿಯ ಗಂಡುಮೊಲವನ್ನು ತೋರಿಸಿದ. ಅದಕ್ಕೆ ಸಾಹುಕಾರ ಎಂದು ಹೆಸರು. "ಇವನ ಜೊತೆ ಬಿಟ್ಟ ಮೂರು ಹೆಣ್ಣೂ ಕೈಕೊಟ್ವು. ಮೂರನ್ನೂ ತೆಗೆದೆ. ಈಗ ನಾಲ್ಕನೇದು."

ಮೂರಕ್ಕೆ ಮೂರೂ ಕೈಕೊಟ್ಟವೆಂದರೆ ಒಮ್ಮೆ ಸಾಹುಕಾರನ ಕಡೆಗೂ ನೋಡಬೇಕಲ್ಲವೇ ಎಂದು ಅತ್ತೆಗೆ ಎಷ್ಟೋ ಸಲ ಅನಿಸಿತ್ತು. ಆ ಮಾತನ್ನು ಗಂಡನೆದುರು ಆಡಿರಲಿಲ್ಲ. ಅವಳು ಮರಿಯ ಎರಡು ಕಿವಿಗಳನ್ನೂ ಹೆಬ್ಬೆರಳಿನಿಂದ ಒಮ್ಮೆ ನೇವರಿಸಿ, ಅದನ್ನು ನೀರಿಗೆ ಬಿಟ್ಟು, ಮುಚ್ಚಿ, ಕಲ್ಲನ್ನೆತ್ತಿ ಇಟ್ಟಳು.

ಆಗಲೇ ಸೊಸೆ ಸೊಪ್ಪಿನ ಬುಟ್ಟಿ ಹಿಡಿದು, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಬಂದಳು. ಈಗಷ್ಟೇ ಆಸರೆಯಿಲ್ಲದೆ ಕೂರಲು ಕಲಿತ ಹೆಣ್ಣುಮಗು. ಹುಟ್ಟುಗೂದಲು ಉದುರಿ ಹೊಸ ಕೂದಲು ದಟ್ಟವಾಗಿ ಬಂದಿತ್ತು. ಕಪ್ಪು ಕೂದಲ ನಡುವೆ, ಹಣೆಯ ಮೇಲ್ಭಾಗದಲ್ಲಿ, ಹತ್ತಿ ಅಂಟಿಸಿದಂತೆ ಬಿಳಿಯ ಒಂದು ಗೊಂಚಲು. ಗೂಡಿನ ತಗಡಿನ ಬಾಗಿಲು ಗಾಳಿಗೆ ಧಡಾರನೆ ಬಡಿಯಿತು. ಮೊಲಗಳೆಲ್ಲ ಒಟ್ಟಿಗೆ ಹಿಂಗಾಲು ಕುಟ್ಟಿದವು. ತಾಯಿಯ ಎದೆಗೆ ಬಲಗಿವಿ ಆನಿಸಿದ್ದ ಮಗು ಮಾತ್ರ ಬೆಚ್ಚದೆ ಬುಟ್ಟಿಯ ಸೊಪ್ಪನ್ನೇ ಕೀಳುತ್ತಿತ್ತು.

"ಪರವಾಗಿಲ್ವೇ, ಗಟ್ಟಿಗಿತ್ತಿ!" ಎಂದು ಔಷಧದಂಗಡಿಯವನು ಮಗುವಿನ ಗಲ್ಲ ಹಿಡಿದು ಮುಖ ಎತ್ತಿದ. ಬಲಗಣ್ಣು ಕಂದು. ಎಡಗಣ್ಣು ತಿಳಿ ನೀಲಿ. ಅವನು ಮಗುವಿನ ಹಣೆಯನ್ನು ನೋಡಿದ, ಬಕೆಟ್ಟನ್ನು ನೋಡಿದ, ನಗು ತಡೆಯಲಾಗದೆ ಹೇಳಿಯೇಬಿಟ್ಟ. "ಸ್ವಾಮಿ, ನೀವು ಆಚೆ ಬಿಡಲ್ಲ ಅಂದ್ರಿ. ನಿಮ್ಮ ಮನೆ ಒಳಗೇ ಒಂದು ಚುಕ್ಕೆ ಮರಿ ಇದೆಯಲ್ಲ!"

ಯಾರೂ ನಗಲಿಲ್ಲ. ಗಿರಾಕಿ ಕಪ್ಪು ಮರಿಯೊಂದನ್ನು ಬುಟ್ಟಿಗೆ ಹಾಕಿಸಿಕೊಂಡು ಬೇಗಬೇಗ ಹೊರಟುಹೋದ. ಯಜಮಾನ ಗೇಟಿನವರೆಗೂ ಹೋಗಿ, ಅವನು ಬೀದಿ ತಿರುಗುವ ತನಕ ನೋಡುತ್ತ ನಿಂತ. ಗಂಡನ ಕುತ್ತಿಗೆಯ ಹಿಂಭಾಗ ಕೆಂಪಗಾಗಿದ್ದನ್ನು ಅತ್ತೆ ದೂರದಿಂದಲೇ ಕಂಡಳು. ಆ ಮಾತು ಸಂಜೆಯೊಳಗೆ ಬೀದಿಯೆಲ್ಲ ಹರಡುತ್ತದೆ ಎಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನ ತಟ್ಟೆ ಮುಟ್ಟಲಿಲ್ಲ. ಸೊಸೆಯ ತೊಡೆಯಿಂದ ಮಗುವನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಮರಿಗಳಿಗೆ ಮಾಡುವಂತೆಯೇ ಹೆಬ್ಬೆರಳಿನಿಂದ ರೆಪ್ಪೆಯನ್ನು ಮೇಲಕ್ಕೆ ಸರಿಸಿ ಒಂದು ಕಣ್ಣು ನೋಡಿದ, ಆಮೇಲೆ ಇನ್ನೊಂದು. ಮಗು ಅಳಲಾರಂಭಿಸಿತು. ಅವನು ಅದನ್ನು ಚಾಪೆಯ ಮೇಲಿಟ್ಟು ಕೈ ಒರೆಸಿಕೊಂಡ.

"ಎಳೆಗೂಸಿನ ಕಣ್ಣಿನ ಬಣ್ಣ ನಿಲ್ಲೋಕೆ ಟೈಮ್ ಬೇಕು ಅಂತ ಇಷ್ಟು ದಿನ ಕಾದೆ. ಇನ್ನು ಕಾಯೋದು ಏನೂ ಇಲ್ಲ. ನಿಮ್ಮ ಕಡೆ ಯಾರಿಗಿದೆ ಇಂಥ ಕಣ್ಣು?"

"ಯಾರಿಗೂ ಇಲ್ಲ ಮಾವ."

"ತಲೆ ಮೇಲಿನ ಬಿಳಿ?"

"ಅದೂ ಯಾರಿಗೂ ಇಲ್ಲ."

"ನಮ್ಮಲ್ಲೂ ಇಲ್ಲ. ಹಂಗಾದ್ರೆ ಇದು ಯಾರ ಮನೇದು?"

ಸೊಸೆ ಅಳುವ ಮಗುವನ್ನು ಚಾಪೆಯಿಂದ ಎತ್ತಿಕೊಂಡಳು. ದನಿ ಏರಿಸಲಿಲ್ಲ. "ಬೆಳಿಗ್ಗೆ ಗಿರಾಕಿಗೆ ನೀವೇ ಹೇಳಿದ್ದು ಹೊರಗೆ ನನಗೂ ಕೇಳಿಸ್ತಲ್ಲ ಮಾವ, ಒಳಗಿದ್ದೂ ತೋರಿಸದೆ ಇರಬಹುದು ಅಂತ."

"ಹೇಳ್ದೆ. ಹೊರಗಿಂದ ಬಂದದ್ದರಲ್ಲಿ." ಯಜಮಾನ ಒಂದೊಂದೇ ಮಾತನ್ನು ಕಲ್ಲಿಟ್ಟಂತೆ ಇಟ್ಟ. "ನನ್ನ ಮನೇಲಿ ನನ್ನ ಕಣ್ಣಿಗೆ ಬೀಳದ ಬಿಳಿ ಕೂದಲಿಲ್ಲ. ಮೂಲೆಯಲ್ಲಿ ಕೂತ ಮರಿ ಕಣ್ಣಲ್ಲಿ ಸೂಜಿಮೊನೆಯಷ್ಟು ನೀಲಿ ಇದ್ರೂ ಹೇಳ್ತೀನಿ. ನನಗೆ ಟೋಪಿ ಹಾಕೋಕೆ ಬರಬೇಡ. ಸಂಜೆ ಬಸ್ಸಿಗೆ ಹೊರಡು. ಅದನ್ನೂ ಕರಕೊಂಡು ಹೋಗು."

"ಅಪ್ಪಾ, ಏನಿದು…" ಎಂದ ಮಗ.

"ನೀನು ಊಟ ಮಾಡು."

ಮಗ ಊಟ ಮಾಡಿದ. ಅವನ ಕಣ್ಣು ಎರಡೂ ಅಚ್ಚ ಕಂದು, ತಲೆಗೂದಲು ಕಾಡಿಗೆಯಂತೆ ಕಪ್ಪು. ಅವನು ಹುಟ್ಟಿದ ದಿನ ಅತ್ತೆ ಮೊದಲು ನೋಡಿದ್ದು ಅದನ್ನೇ. ನೋಡಿ, ಗೋಡೆಯ ಕಡೆ ತಿರುಗಿ ಸಮಾಧಾನದಿಂದ ಅತ್ತಿದ್ದಳು.

ಸೊಸೆ ಈಗ ಅತ್ತೆಯತ್ತ ನೋಡಿದಳು. ಗಂಡನ ಕಡೆಗಾಗಲಿ ಮಾವನ ಕಡೆಗಾಗಲಿ ನೋಡಲಿಲ್ಲ.

ಅತ್ತೆಯ ಹಣೆಯ ಮೇಲೂ ಹುಟ್ಟಿದಾಗಿನಿಂದ ಇಂಥದೇ ಒಂದು ಗೊಂಚಲಿತ್ತು. ಹೆಣ್ಣು ನೋಡಲು ಬರುತ್ತಾರೆಂದಾಗ ಅವಳ ತಾಯಿ, "ಮೊಲ ಸಾಕೋರು ಕಣೇ, ಮೊದಲು ಬಣ್ಣ ನೋಡ್ತಾರೆ" ಎಂದು ನಗುತ್ತಲೇ ಮಸಿಗೆ ಎಣ್ಣೆ ಕಲಸಿ ಹಚ್ಚಿದ್ದಳು. ಆ ನಗು ಒಂದು ದಿನದ್ದು. ಮಸಿ ಮಾತ್ರ ಜೀವಮಾನದ್ದಾಯಿತು. ಗಂಡ ಏಳುವ ಮೊದಲೇ ಎದ್ದು ಹಚ್ಚಿಕೊಳ್ಳುವುದು, ರಾತ್ರಿ ಶೀತವೆಂದು ತಲೆಗೆ ಬಟ್ಟೆ ಕಟ್ಟಿಕೊಂಡೇ ಮಲಗುವುದು. ನಿನಗೆ ವರ್ಷವೆಲ್ಲ ಶೀತ ಯಾಕೆ ಎಂದು ಅವನು ಒಂದು ದಿನವೂ ಕೇಳಲಿಲ್ಲ. ತಲೆ ನರೆಯಲು ಶುರುವಾದ ಮೇಲೆ ಅಂಗಡಿಯ ಬಣ್ಣ ಬಂತು, ಕದ್ದು ಹಚ್ಚಿಕೊಳ್ಳುವುದು ತಪ್ಪಿತು. ಹೊಸದಾಗಿ ಬಂದ ಸೊಸೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿಕೊಡುತ್ತಿದ್ದಳು. ಮೊದಲ ಸಲವೇ ಅವಳ ಕೈ ಹಣೆಯ ಹತ್ತಿರ ಕ್ಷಣ ನಿಂತಿತ್ತು. "ಅತ್ತೆ, ಇದು ನರೆ ಅಲ್ಲ ಅಲ್ವಾ?" ಎಂದಿದ್ದಳು. ಮತ್ತೆಂದೂ ಕೇಳಲಿಲ್ಲ. ಅಂದಿನಿಂದ ಪ್ರತಿ ಸಲವೂ ಆ ಗೊಂಚಲಿಗೇ ಮೊದಲು ಹಚ್ಚುತ್ತಿದ್ದಳು, ನಡುವೆ ಯಾರಾದರೂ ಬಂದರೆ ಅದಾದರೂ ಮುಗಿದಿರಲಿ ಎಂದು. ತಲೆಯೆಲ್ಲ ಪೂರ್ತಿ ಬೆಳ್ಳಗಾದ ಮೇಲೆ ಬಣ್ಣ ಬಿಟ್ಟಾಯಿತು. ಬಿಳಿಯಲ್ಲಿ ಬಿಳಿ ಬೆರೆತುಹೋಯಿತು. ಕೊನೆಗೂ ಗೆದ್ದೆ ಎಂದುಕೊಂಡಿದ್ದಳು ಅತ್ತೆ.

ಈಗ ಸೊಸೆ ಕಾಯುತ್ತಿದ್ದಳು. ಬಾಯಿಬಿಟ್ಟು ಹೇಳಬಹುದಿತ್ತು, ಹೇಳಲಿಲ್ಲ. ಅದನ್ನು ಹೇಳಬೇಕಾದವಳು ಅತ್ತೆಯೇ ಎಂಬಂತೆ ಅವಳನ್ನೇ ನೋಡುತ್ತಿದ್ದಳು.

ಅತ್ತೆಗೆ ಎಡಗಿವಿ ಹುಟ್ಟಿನಿಂದಲೇ ಕೇಳಿಸದು. ಮನೆಯಲ್ಲಿ ಇದನ್ನು ಮರೆಯದವಳೆಂದರೆ ಸೊಸೆಯೊಬ್ಬಳೇ. ಎಲ್ಲಿಗೆ ಹೋದರೂ ಅತ್ತೆಯ ಬಲಗಡೆಗೇ ಬಂದು ನಡೆಯುವಳು. ಅತ್ತೆ ನೀರಿನ ಲೋಟ ತೆಗೆದುಕೊಳ್ಳುವವಳಂತೆ ಬಾಗಿ, ಆ ಕೇಳದ ಕಿವಿಯನ್ನು ಸೊಸೆಯ ಕಡೆಗೆ ಮಾಡಿ ಕೂತಳು.

ಹೊರಡುವ ಹೊತ್ತಿಗೆ ಮಗ ಚೀಲವನ್ನು ಹೊಸ್ತಿಲವರೆಗೆ ತಂದಿಟ್ಟು ಒಳಗೆ ಹೋದ. ಸೊಸೆ ಮಗುವಿಗೆ ಟೋಪಿ ಹಾಕಿ, ದಾರ ಕಟ್ಟಿ, ಅತ್ತೆಯ ಬಳಿ ಬಂದಳು. ಬಲಗಡೆಗೆ.

"ಅತ್ತೆ, ಇವಳೂ ಎಡಗಡೆಯಿಂದ ಕರೆದ್ರೆ ತಿರುಗಲ್ಲ. ಹೋದ ವಾರ ಗಮನಿಸಿದೆ. ನಿಮಗೊಬ್ಬರಿಗೆ ಹೇಳೋಣ ಅಂತ ಇದ್ದೆ." ದನಿಯಲ್ಲಿ ಮುನಿಸಿರಲಿಲ್ಲ; ಇದ್ದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತು. "ನಾನು ಬಲಗಡೆಯಿಂದ ಕರೀತೀನಿ, ಬಿಡಿ. ನೀವು ಹುಷಾರು. ಬಿಸಿನೀರು ಎತ್ತುವಾಗ ನೋಡಿಕೊಳ್ಳಿ, ಕೈ ನಡುಗುತ್ತೆ ನಿಮಗೆ."

ಬಿಸಿನೀರಿನ ವಿಷಯವೂ ಅವಳಿಗೆ ಗೊತ್ತಿತ್ತು.

ಬಸ್ಸು ಹೋದ ಸದ್ದು ಅಡಗಿದ ಮೇಲೆ ಅತ್ತೆ ಮೊಲದ ಮನೆಗೆ ನಡೆದಳು. ಯಜಮಾನ ಸಾಹುಕಾರನಿಗೆ ಕಾಳು ಹಾಕುತ್ತಿದ್ದ. ಅವಳು ಗೂಡಿನ ಕಂಬಿ ಹಿಡಿದುಕೊಂಡಳು.

"ರೀ, ಅದು ನನ್ನದು."

"ಯಾವುದು?"

"ಮಗುವಿನ ತಲೆ ಮೇಲಿರೋದು. ನನಗೆ ಹುಟ್ಟಿದಾಗಿಂದ ಇತ್ತು. ಮಸಿ ಹಚ್ಚಿ ಮುಚ್ತಿದ್ದೆ. ಕಿವಿಯೂ ಹಾಗೇ. ಮಗನ ಒಳಗಿಂದ ದಾಟಿ ಅವಳಿಗೆ ಬಂದಿದೆ. ಸೊಸೆದು ಏನೂ ತಪ್ಪಿಲ್ಲ. ಹೋಗಿ ಕರಕೊಂಡು ಬನ್ನಿ."

ಯಜಮಾನ ಕಾಳಿನ ಡಬ್ಬಿ ಕೆಳಗಿಟ್ಟ. ಅವಳನ್ನೇ ನೋಡಿದ. ಮುಖದಲ್ಲಿ ಏನೋ ಒಂದು ಅಲುಗಾಡಿದಂತೆ ಕಂಡಿತು; ಮರುಕ್ಷಣ ಅದು ಗಟ್ಟಿಯಾಯಿತು.

"ಇಷ್ಟು ವರ್ಷ ಒಂದೇ ಚಾಪೆ ಮೇಲೆ ಮಲಗಿ ನನಗೆ ಕಾಣಲಿಲ್ಲ ಅಂತೀಯಾ?"

"ನೀವು ನೋಡ್ಲಿಲ್ಲ."

"ನಾನು ನೋಡ್ಲಿಲ್ವಾ? ನಾನು?" ಅವನು ನಕ್ಕ. "ಬಾ ಇಲ್ಲಿ."

ಅವಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದ. ಎರಡು ಬೆರಳಿನಿಂದ ಹಣೆಯ ಕೂದಲು ಸರಿಸಿ, ಬಾಗಿ, ಫೂ ಎಂದು ಊದಿದ. ಮತ್ತೊಮ್ಮೆ, ಇನ್ನೂ ಬುಡಕ್ಕೆ. ಮದುವೆಯಾದ ಮೇಲೆ ಅವನು ಅವಳ ತಲೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವಳು ಕಣ್ಣು ಮುಚ್ಚಿಕೊಂಡಳು.

"ಎಲ್ಲಾ ಒಂದೇ ಬಣ್ಣ," ಎಂದ. "ಏನೂ ಇಲ್ಲ ಇಲ್ಲಿ. ಸೊಸೆ ಮೇಲಿನ ಪ್ರೀತಿಗೆ ಇಲ್ಲದ್ದೆಲ್ಲ ಕಟ್ಟಬೇಡ." ಗಲ್ಲ ಬಿಟ್ಟು ಡಬ್ಬಿ ಎತ್ತಿಕೊಂಡ. "ನಾಲ್ಕನೇ ಹೆಣ್ಣನ್ನ ನಾಳೆ ತೆಗೀಬೇಕು. ಅದರ ಮಿಕ್ಕ ಮರಿಗಳನ್ನೂ. ಬಕೆಟ್ ತೊಳೆದಿಡು."

ಅವನು ಹೋದ. ಸಾಹುಕಾರ ಮೂಗು ಅಲ್ಲಾಡಿಸುತ್ತ ಕಂಬಿಯ ಬಳಿಗೆ ಬಂದು ಅವಳ ಬೆರಳನ್ನು ಮೂಸಿತು. ಅತ್ತೆ ಸಾಲಿನ ಕೊನೆಗೆ ನಡೆದು, ಕಲ್ಲನ್ನು ಇಳಿಸಿ, ಮುಚ್ಚಳ ತೆಗೆದು, ಮರಿಯನ್ನೆತ್ತಲು ನೀರಿಗೆ ಕೈಯಿಟ್ಟಳು. ಬೆಳಿಗ್ಗೆ ಬೆರೆಸಿದ ನೀರು ತಣ್ಣಗಾಗಿತ್ತು. ಬಾಗಿದ ಅವಳ ಹಣೆಯ ಮೇಲೆ, ಅವನ ಉಸಿರಿಗೆ ಎರಡಾಗಿ ಬಿಚ್ಚಿಕೊಂಡ ಕೂದಲು ಹಾಗೆಯೇ ನಿಂತಿತ್ತು.