ಹುಳುಮನೆಯ ಫೋನು

ಅವ್ವನ ತಿಥಿ ಮುಗಿದ ಮಧ್ಯಾಹ್ನ ತಂಗಿ ರಮ್ಯಾ ಲ್ಯಾಪ್‌ಟಾಪ್ ಹಿಡಿದು ರೇಷ್ಮೆಹುಳು ಸಾಕುವ ಹುಳುಮನೆಯ ಹೊಸ್ತಿಲಾಚೆ ನಿಂತಳು. ಒಳಗೆ ಬರಲಿಲ್ಲ. ಅವಳನ್ನು ಕೊಟ್ಟಿರುವುದು ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವವರ ಮನೆಗೆ. ಗೂಡಿನ ಜೊತೆ ಊಜಿ ನೊಣ ಬಂದು ಹುಳು ಕೆಡುತ್ತದೆಂದು ಅಂಥ ಮನೆಯವರನ್ನು ನಾವು ಒಳಗೆ ಬಿಡುವುದಿಲ್ಲ. ಮದುವೆಯಾದ ಮರುವಾರವೇ ಅವಳಿಗೆ ಇದನ್ನು ಹೇಳಿದ್ದು ಅವ್ವ.

ಫೋನು ಒಳಗೆ ನನ್ನ ಕೈಯಲ್ಲಿತ್ತು. ರಮ್ಯಾ ಅವ್ವನಿಗೆ ಕೊಟ್ಟಿದ್ದ ತನ್ನ ಹಳೆಯ ಫೋನು. ಓದು ಬರಹ ಬಾರದ ಅವ್ವ ಹುಳುವಿಗೆ ಸೊಪ್ಪು ಹಾಕುತ್ತ ಅದರಲ್ಲಿ ಮಗಳಿಗೆ ಮಾತಾಡಿ ರೆಕಾರ್ಡ್ ಮಾಡಿ ಇಡುತ್ತಿದ್ದಳು. ರಮ್ಯಾ ಊರಿಗೆ ಬಂದು ಮನೆಯ ವೈಫೈಗೆ ಸೇರಿಕೊಂಡರೆ ಸಾಕು, ಆ ಮಾತೆಲ್ಲ ತಾನಾಗಿ ಅವಳ ಫೋನಿಗೂ ಲ್ಯಾಪ್‌ಟಾಪಿಗೂ ಹೋಗುತ್ತಿತ್ತು.

"ಇಂಟರ್ನೆಟ್ಟಲ್ಲಿ ಎಲ್ಲಾದ್ರೂ ಮಡಗಮ್ಮಿ" ಎಂದು ಒಮ್ಮೆ ಹೇಳಿದ್ದೆ.

"ನಮ್ಮವ್ವನ ಮಾತು ಯಾರ್ದೋ ಕಂಪ್ಯೂಟರ್ಗೆ ಯಾಕಣ್ಣ ಹೋಗ್ಬೇಕು? ಮೂರು ಕಡೆ ಐತೆ, ಸಾಕು. ನೀನು ಮಾತ್ರ ಮುಟ್ಬ್ಯಾಡ. ಒಂದು ಕಡೆ ಅಳಿಸುದ್ರೆ ಮೂರು ಕಡೇನೂ ಹೋಯ್ತದೆ."

ಕೊನೆಯ ಹತ್ತೊಂಬತ್ತು ಮಾತು ಅವಳಿಗಿನ್ನೂ ತಲುಪಿರಲಿಲ್ಲ. ಸಾವಿನ ಮನೆಯಲ್ಲಿ ಅವನ್ನು ಕೇಳಲು ಧೈರ್ಯ ಬಾರದೆ ಅವಳು ಈ ಸಲ ವೈಫೈಗೆ ಸೇರಿಕೊಂಡಿರಲಿಲ್ಲ. ನಾನು ಕೇಳಿಸಿಕೊಂಡಿದ್ದೆ. ಒಂದರಲ್ಲಿ ಅವ್ವ ಹೇಳಿದ್ದಳು:

"ನಿಮ್ಮಣ್ಣ ಮಾತಾಡ್ಸಿ ಏಳು ತಿಂಗ್ಳಾಯ್ತು ಕಣವ್ವ. ನೀರು ಕೇಳುದ್ರೆ ಚೊಂಬು ಮಡಗ್ಬುಟ್ಟು ಹೋಯ್ತಾನೆ. ನನ್ ತಪ್ಪೇನು ಅಂತಾನಾದ್ರೂ ಹೇಳ್ಬಾರ್ದಾ?"

ಅವ್ವನ ತಪ್ಪೇನೂ ಇರಲಿಲ್ಲ. ಮೊದಲು ಯಾವುದೋ ಸಣ್ಣ ಸಿಟ್ಟು. ಆಮೇಲೆ ಸುಮ್ಮನಿರುವುದೇ ಸುಲಭವಾಯಿತು.

ಬೆಳಿಗ್ಗೆ ಎಲ್ಲವನ್ನೂ ಅಳಿಸಿ ಫೋನು ಆಫ್ ಮಾಡಿದ್ದೆ. ಹತ್ತೊಂಬತ್ತನ್ನಷ್ಟೇ ಅಳಿಸಬಹುದಿತ್ತು. ಆದರೆ ಹಳೆಯವುಗಳಲ್ಲಿ ಅವ್ವ ನನ್ನನ್ನು ಹೊಗಳಿದ್ದಳು. ಅದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟವಾಗಿತ್ತು.

"ಆನ್ ಮಾಡಣ್ಣ. ನಾನೊಳಕ್ಕೆ ಬರಂಗಿಲ್ವಲ್ಲ."

"ಲ್ಯಾಪ್‌ಟಾಪೂ ತಗಿ. ಒಂದೇ ಸಲಕ್ಕೆ ಆಗೋಗ್ಲಿ."

"ಅಬ್ಬ, ಇವತ್ತೇ ಕಣಣ್ಣ ನೀನು ಇಷ್ಟು ಮಾತಾಡಿದ್ದು" ಎಂದು ನಗುತ್ತ ಜಗಲಿಯಲ್ಲಿ ಕುಳಿತು ತನ್ನ ಫೋನನ್ನೂ ಲ್ಯಾಪ್‌ಟಾಪನ್ನೂ ವೈಫೈಗೆ ಸೇರಿಸಿದಳು. ನಾನು ಅವ್ವನ ಫೋನು ಆನ್ ಮಾಡಿದೆ.

ಅವಳ ಬಳಿ ಅವ್ವನ ಹಳೆಯ ಮಾತು ನಲವತ್ತನಾಲ್ಕಿತ್ತು. ಲೆಕ್ಕ ಏರಲೆಂದು ಕಾದಳು. ಇಳಿಯಿತು. ಮೂವತ್ತು. ಹನ್ನೆರಡು.

"ಅಣ್ಣಾ, ಆಫ್ ಮಾಡು! ಆಫ್ ಮಾಡಣ್ಣ!"

ಎದ್ದು ಓಡಿಬಂದಳು. ಹೊಸ್ತಿಲ ಮೇಲೆ ಎತ್ತಿದ ಕಾಲು ಹಾಗೇ ಹಿಂದಕ್ಕೆ ಹೋಯಿತು. ತಿರುಗಿ ಹೋಗಿ ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಅಲ್ಲೂ ಸೊನ್ನೆ. ಫೋನು ನನ್ನ ಕೈಯಲ್ಲಿ ಬೆಳಗುತ್ತಲೇ ಇತ್ತು. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು. ಬಾಯಿ ತೆರೆದಳು.

ತಟ್ಟೆಗಳಲ್ಲಿ ಹುಳುಗಳು ಪೊರೆ ಬಿಡಲು ತಲೆಯೆತ್ತಿ ಅಲ್ಲಾಡದೆ ನಿಂತಿದ್ದವು. ಇದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸದ್ದು ಮಾಡಬಾರದೆಂದು ನಮ್ಮಿಬ್ಬರಿಗೂ ಅವ್ವ ಕಲಿಸಿದ್ದಳು.

"ಕೂಗ್ಬ್ಯಾಡ ಕಣಮ್ಮಿ" ಎಂದೆ. "ಹುಳ ನಾಕ್ನೇ ಜ್ವರದಾಗವೆ."

ಅವು ಅವ್ವ ಮೊಟ್ಟೆಯಿಂದ ಸಾಕಿದ ಕೊನೆಯ ಹುಳುಗಳು. ರಮ್ಯಾ ಕೂಗಲಿಲ್ಲ.