ಒತ್ತಿದರೆ ಬರುವ ಅಕ್ಷರ

ಬೆರಳು ಬಿಡಿಸಿಕೊಂಡ ಯಶಸ್ವಿನಿ ತಟ್ಟೆಯಲ್ಲಿ ಹರಡಿದ್ದ ಅಕ್ಕಿಯನ್ನು ಎರಡು ಸಲ ಪಟಪಟನೆ ಒತ್ತಿದಳು. ಒತ್ತಿ ಕಾದಳು. ಅಕ್ಕಿಯಲ್ಲಿ ಏನೂ ಆಗಲಿಲ್ಲ.

"ಓಂ ಅಂತ ಬರಿಯವ್ವಾ," ಎಂದು ರೇವಣಸಿದ್ದಯ್ಯ ಮೇಷ್ಟ್ರು ಮತ್ತೆ ಬೆರಳು ಹಿಡಿದರು. ಅಕ್ಷರಾಭ್ಯಾಸಕ್ಕೆಂದೇ ಹೆಬ್ಬೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಮೂವತ್ತು ವರ್ಷದ ಹಿಂದೆ ಇವಳಪ್ಪ ಕೃಷ್ಣಕುಮಾರನ ಕೈ ತಿದ್ದಿಸಿದವರೂ ಇವರೇ.

"ಮೌಸ್ ಅನ್ಕೊಂಡವ್ಳೆ ಮೇಷ್ಟ್ರೇ. ಡಬಲ್ ಕ್ಲಿಕ್," ಎಂದ ಕೃಷ್ಣಕುಮಾರ. ಹೇಳುವಾಗ ಎದೆ ಉಬ್ಬಿತು.

ಶೆಟ್ಟಿಹಳ್ಳಿಯ ಆ ಬೀದಿಯಲ್ಲಿ ಮೊದಲ ಕಂಪ್ಯೂಟರ್ ಅವನ ಮನೆಯದು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಅವನು ಅದನ್ನು ಹಿಂದಿನ ವರ್ಷ, ಎರಡು ಸಾವಿರದ ಮೂರರ ದೀಪಾವಳಿಗೆ ತಂದಿದ್ದ. ಜೊತೆಗೆ ಮಕ್ಕಳಿಗಾಗಿ ಮಾಡಿದ ಹನ್ನೊಂದು ಸೀಡಿ. ಮೂರೂವರೆ ವರ್ಷದ ಮಗಳು ಈಗ ಬಣ್ಣಗಳನ್ನೂ ಒಂಬತ್ತು ಗ್ರಹಗಳನ್ನೂ ಸೀಡಿಯ ಹೆಂಗಸಿನ ದನಿಯಲ್ಲೇ ಒಪ್ಪಿಸುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಅವನು ಇದನ್ನು ಹೇಳಿಕೊಳ್ಳದ ದಿನವಿರಲಿಲ್ಲ. ಒಂದನ್ನು ಮಾತ್ರ ನುಂಗಿಕೊಳ್ಳುತ್ತಿದ್ದ. ಅವಳು ಇನ್ನೂ ಯಾರನ್ನೂ ಕರೆದಿರಲಿಲ್ಲ. ಅಮ್ಮ ಎಂದಿಲ್ಲ, ಅಪ್ಪ ಎಂದಿಲ್ಲ. ಹಸಿವಾದರೆ ಕೈ ಹಿಡಿದು ಎಳೆಯುತ್ತಾಳೆ, ಅಷ್ಟೆ. ಆ ಒಂದು ಮಾತಿಗೆ ಅವನು ಒಳಗೊಳಗೇ ಹಂಬಲಿಸುತ್ತಿದ್ದ.

ಅವನ ತಾಯಿ ಸಿದ್ದಲಕ್ಷ್ಮಮ್ಮ ಮೊಮ್ಮಗಳ ಗಲ್ಲ ಹಿಡಿದರು. "ನಾನ್ಯಾರೇ ಪುಟ್ಟಿ? ಅಜ್ಜಿ ಅನ್ನು."

"ಜುಪಿಟರ್," ಎಂದಳು ಯಶಸ್ವಿನಿ, ಕಿಟಕಿ ನೋಡುತ್ತ.

ನೆರೆದಿದ್ದ ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಸಿದ್ದಲಕ್ಷ್ಮಮ್ಮ ನಗಲಿಲ್ಲ. "ಏನ್ಲಾ ಕುಮಾರ, ಮಗು ಯಾರ ಮಖಾನೂ ನೋಡಕಿಲ್ವಲ್ಲೋ?"

"ಬುದ್ಧಿ ಜಾಸ್ತಿ ಕಣಮ್ಮ. ಅದಕ್ಕೇ."

"ಶಾಂತಲಾ, ನೀನಾದ್ರೂ ಹೇಳವ್ವ."

"ಪಾಯಸ ಆರೋಗುತ್ತೆ ಅತ್ತೆ," ಎಂದು ಅವನ ಹೆಂಡತಿ ಅಡುಗೆಮನೆಗೆ ಹೋದಳು.

ಮೇಷ್ಟ್ರು ಬೆರಳು ಬಿಡದೆ ಓಂ ಬರೆಸಿ ಮುಗಿಸಿದರು. ಅಕ್ಕಿಯಲ್ಲಿ ಅಕ್ಷರ ದುಂಡಗೆ ಮೂಡಿತ್ತು. ಅದು ಮೇಷ್ಟ್ರ ಅಕ್ಷರವೆಂದು ಕೃಷ್ಣಕುಮಾರನಿಗೆ ಗೊತ್ತಿತ್ತು.

"ಬನ್ನಿ, ಗ್ರಹ ಎಲ್ಲಾ ತೋರಿಸ್ತಾಳೆ," ಎಂದು ಎಲ್ಲರನ್ನೂ ಕಂಪ್ಯೂಟರಿದ್ದ ಕೋಣೆಗೆ ಕರೆದ. ಸ್ವಿಚ್ಚು ಒತ್ತುವಷ್ಟರಲ್ಲಿ ಕರೆಂಟು ಹೋಯಿತು. ಬಂದವರು ಪಾಯಸದ ಕಡೆ ತಿರುಗಿದರು. ಅಪ್ಪ ಮಗಳು ಇಬ್ಬರೇ ಉಳಿದರು.

ಯಶಸ್ವಿನಿ ಕುರ್ಚಿ ಹತ್ತಿ ಮಾನಿಟರಿನ ಕಪ್ಪು ಗಾಜಿನ ಮುಂದೆ ಕೂತಳು. ಹಿಂದೆ ನಿಂತಿದ್ದ ಅವನ ಮುಖ ಗಾಜಿನಲ್ಲಿ ಮಸುಕಾಗಿ ಮೂಡಿತ್ತು. ಅವಳು ಅದನ್ನೇ ನೋಡಿದಳು, ಕಣ್ಣಲ್ಲಿ ಕಣ್ಣಿಟ್ಟು. ಆಮೇಲೆ ಅದರ ಕೆನ್ನೆಗೆ ಅಂಗೈ ಇಟ್ಟಳು.

"ಅಪ್ಪ," ಎಂದಳು.

ಹೆಮ್ಮೆಯಿಂದ ಅವನಿಗೆ ಅಮ್ಮನನ್ನು ಕೂಗಿ ಕರೆಯಬೇಕೆನಿಸಿತು. "ಪುಟ್ಟೀ, ಇಲ್ಲಿದೀನಿ ಕಣೇ," ಎಂದು ಭುಜ ಮುಟ್ಟಿದ. ಅವಳು ಭುಜ ಕೊಡವಿ ಗಾಜಿಗೆ ಇನ್ನಷ್ಟು ಹತ್ತಿರವಾದಳು.

ಅವನು ಕೈ ಹಿಂದಕ್ಕೆಳೆದುಕೊಂಡ. ಅಲುಗಿದರೆ ಮುಖ ಗಾಜಿನಿಂದ ಜಾರೀತೆಂದು ಉಸಿರು ಬಿಗಿಹಿಡಿದು ಅಲ್ಲೇ ನಿಂತ, ಕರೆಂಟು ಬರದಿರಲಿ ಎಂದುಕೊಳ್ಳುತ್ತ.